ವಿಮಾನದ ಹೊಟ್ಟೆ

ನಮ್ಮ ಯಜಮಾನರು ಬದುಕಿಡೀ ಹಲ್ಲು ಮಾಡಿದವರು. ಹಲ್ಲು ಕೀಳುವ ಡಾಕ್ಟರಲ್ಲ, ಕಿತ್ತ ಜಾಗಕ್ಕೆ ಕೂರಿಸುವ ಕಟ್ಟುಹಲ್ಲು ತಯಾರಿಸುವವರು. ಊರಿನ ಅರ್ಧ ಜನ ನಗುವುದು ಇವರ ಹಲ್ಲಿನಿಂದಲೇ ಎಂದು ನಾನು ತಮಾಷೆ ಮಾಡುವುದುಂಟು. ಇವರು ಮಾತ್ರ ನಗುವವರ ಮುಖ ನೋಡುವುದಿಲ್ಲ, ಹಲ್ಲು ನೋಡುತ್ತಾರೆ. ನಾವಿಬ್ಬರೂ ಮೊದಲ ಸಲ ಭೇಟಿಯಾದಾಗ ನನ್ನ ಬಗ್ಗೆ ಇವರು ಆಡಿದ ಮೊದಲ ಮಾತೇ, ಮೇಲಿನ ಸಾಲಿನಲ್ಲಿ ಒಂದು ಹಲ್ಲು ಉಳಿದವಕ್ಕಿಂತ ಸ್ವಲ್ಪ ಹಳದಿ ಎಂದು. ಇಂಥವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ನನ್ನ ತಾಳ್ಮೆಯನ್ನು ಯಾರಾದರೂ ಮೆಚ್ಚಬೇಕು.

ಕೆಲಸ ಬಿಟ್ಟ ಮೇಲೆ ಇವರು ಹಿಂದಿನ ಕೋಣೆ ಸೇರಿಕೊಂಡರು. ಅಲ್ಲಿ ಈಗ ಯುದ್ಧವಿಮಾನಗಳ ಕಾರುಬಾರು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ, ಉಜ್ಜಿ, ಗಾಳಿಯಿಂದ ತುಂತುರು ಚಿಮ್ಮಿಸುವ ಏರ್‌ಬ್ರಷ್ಷಿನಿಂದ ಬಣ್ಣ ಹೊಡೆದು, ಮೊಣಕೈಯುದ್ದದ ವಿಮಾನ ಮಾಡಿ ಕಪಾಟಿನಲ್ಲಿಡುವುದು. ನಾನು ಮುಂದಿನ ಕೋಣೆಯಲ್ಲಿ ಬಟ್ಟೆ ರಿಪೇರಿ ಮಾಡುವವಳು. ಉದ್ದವಾದದ್ದನ್ನು ಗಿಡ್ಡ, ಬಿಗಿಯಾದದ್ದನ್ನು ಸಡಿಲ. ಮುಂದೆ ನನ್ನ ಹೊಲಿಗೆ ಯಂತ್ರ, ಹಿಂದೆ ಆ ಬ್ರಷ್ಷಿಗೆ ಗಾಳಿ ಊದುವ ಅವರ ಕಂಪ್ರೆಸರ್. ಗಂಡ ಹೆಂಡತಿ ಎಷ್ಟು ಜಗಳವಾಡಿದರೂ ಪಕ್ಕದ ಮನೆಗೆ ಕೇಳಿಸದು.

ಒಂದೇ ಸಲಕ್ಕೆ ಬಣ್ಣ ಬಳಿದರೆ ವಿಮಾನ ಸತ್ತ ಹಲ್ಲಿನ ಹಾಗೆ ಕಾಣುತ್ತದಂತೆ. ಅದಕ್ಕೇ ಮೊದಲು ಇಡೀ ಮೈಗೆ ಕಪ್ಪು. ಅದರ ಮೇಲೆ ಬಿಳಿಯ ಬಣ್ಣವನ್ನು ಹಾಲಿನಷ್ಟು ತೆಳು ಮಾಡಿಕೊಂಡು, ಮಗು ಗೀಚಿದ ಹಾಗೆ ಚುಕ್ಕೆ, ಸುರುಳಿ. ಆಗ ನೋಡಿದರೆ ಬೂಸ್ಟು ಹಿಡಿದ ಹಾಗಿರುತ್ತದೆ. ಆಮೇಲೆ ನಿಜವಾದ ಬಣ್ಣ, ಅದೂ ಒಮ್ಮೆಗೇ ಅಲ್ಲ. ಉಸಿರು ಬಿಟ್ಟಷ್ಟು ತೆಳುವಾಗಿ ಒಂದು ಪದರ, ಅದು ಒಣಗಿದ ಮೇಲೆ ಇನ್ನೊಂದು, ಕೆಳಗಿನ ಗೀಚು ಮುಚ್ಚಿಯೂ ಮುಚ್ಚದ ಹಾಗೆ. ಮೇಲೊಂದು ಹೊಳೆಯುವ ವಾರ್ನಿಷ್. ತಗಡು ಜೋಡಿಸಿದಂತೆ ಕಾಣುವ ಸಂದುಗಳಿಗೆ ಕಪ್ಪು ಇಳಿಸಿ ಒರೆಸುವುದು, ಇಂಜಿನ್ನಿನ ಹಿಂದೆ ಹೊಗೆಯ ಮಸಿ, ಕೊನೆಗೆ ಹೊಳಪನ್ನೆಲ್ಲ ಅಡಗಿಸುವ ಮಂಕು ಪದರ. ಹೊಸ ವಿಮಾನವನ್ನು ಹಳೆಯದು ಮಾಡಲು ಇಷ್ಟೆಲ್ಲ ಒದ್ದಾಟ. ನಾನೋ ಹಳೆ ಬಟ್ಟೆಯನ್ನು ಹೊಸದು ಮಾಡಿ ಹೊಟ್ಟೆ ಹೊರೆಯುವವಳು.

ವರ್ಷಕ್ಕೊಮ್ಮೆ ಇಂಥ ಹುಚ್ಚರೆಲ್ಲ ಒಂದು ಸಭಾಂಗಣದಲ್ಲಿ ಸೇರಿ ಸ್ಪರ್ಧೆ ನಡೆಸುತ್ತಾರೆ. ಹೋದ ಸಲ ಇವರದೇ ಗೆಲ್ಲಬೇಕಿತ್ತು. ತೀರ್ಪುಗಾರ ವಿಮಾನದ ಕೆಳಗೆ ಕೈಗನ್ನಡಿ ತೂರಿಸಿ, ಟಾರ್ಚ್ ಬಿಟ್ಟು ನೋಡಿ, “ಮೇಲೆಲ್ಲ ಚೆನ್ನಾಗಿದೆ, ಹೊಟ್ಟೆಗೆ ಜೀವ ಇಲ್ಲ” ಅಂದುಬಿಟ್ಟ. ಬಹುಮಾನ ಔಷಧಿ ಅಂಗಡಿಯವನ ಪಾಲಾಯಿತು. ಅಂದಿನಿಂದ ಇವರಿಗೆ ಊಟ ರುಚಿಸದು. ಈ ಸಲ ಎರಡು ಇಂಜಿನ್ನಿನ ಬಾಂಬರ್ ಒಂದನ್ನು ಹಿಡಿದುಕೊಂಡರು. ಅದರ ಅಸಲಿ ವಿಮಾನದ ಫೋಟೋಗಳು ಬೇಕಾದಷ್ಟಿವೆ, ಆದರೆ ಎಲ್ಲವೂ ನೆಲದ ಮೇಲೆ ನಿಂತಾಗ ತೆಗೆದವು. ಹೊಟ್ಟೆ ಬರೀ ನೆರಳು. ಇವರು ಭೂತಗನ್ನಡಿ ಹಿಡಿದು ಆ ನೆರಳಿನೊಳಗೆ ಇಣುಕುತ್ತಾ ಕೂತಿರುತ್ತಿದ್ದರು.

ಸೊಸೆ ಮನೆಗೆ ಬಂದು ಆಗಿನ್ನೂ ಕೆಲವು ತಿಂಗಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಅವಳಿಗೆ. ನನ್ನ ಮಗ ಲಿಫ್ಟ್ ರಿಪೇರಿಯವನು. ಆ ಅಂಗಡಿಯಿದ್ದ ಕಟ್ಟಡದ ಲಿಫ್ಟ್ ನೋಡಲು ಹೋಗಿದ್ದ, ಲಿಫ್ಟ್ ಸರಿಹೋಯಿತು, ಇವನು ಕೆಟ್ಟ. ಹುಡುಗಿ ಗಡಿಯಾಚೆಯವಳು. ಅಲ್ಲಿ ಯುದ್ಧ ನಡೆದಾಗ ಚಿಕ್ಕವಳಂತೆ. ಒಬ್ಬ ತಮ್ಮ ಹೋದನಂತೆ, ತಾಯಿ ಇವಳೊಬ್ಬಳನ್ನು ಕಟ್ಟಿಕೊಂಡು ಈ ಕಡೆ ಬಂದರಂತೆ. ಇಷ್ಟನ್ನು ಮಗ ಮೊದಲೇ ಹೇಳಿ, “ಅದರ ಬಗ್ಗೆ ಅವಳ ಹತ್ರ ಏನೂ ಕೇಳ್ಬೇಡಿ” ಎಂದು ನಮ್ಮ ಬಾಯಿಗೆ ಬೀಗ ಹಾಕಿದ್ದ. ನಾವು ಕೇಳಲಿಲ್ಲ. ಕೇಳದಿರುವುದೇ ದೊಡ್ಡ ಗುಣ ಅಂದುಕೊಂಡಿದ್ದೆವು.

ಕಪಾಟಿನ ತುಂಬ ಯುದ್ಧವಿಮಾನ ಇರುವ ಮನೆಗೆ ಅಂಥ ಹುಡುಗಿ ಬರುತ್ತಿದ್ದಾಳೆ ಎಂಬುದು ನಮ್ಮ ಮೂವರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ನಮಗೆ ಅವು ಆಟದ ಸಾಮಾನು. ಹಿಂದಿನ ಕೋಣೆಯ ಮುಂದೆ ಹಾಯುವಾಗ ಅವಳ ಹೆಜ್ಜೆ ಸ್ವಲ್ಪ ಚುರುಕಾಗುತ್ತಿತ್ತು, ಅಷ್ಟೇ. ತುಟಿ ಪಿಟಕ್ ಎನ್ನುತ್ತಿರಲಿಲ್ಲ. ನಾಚಿಕೆ ಸ್ವಭಾವ ಎಂದು ನಾನೇ ನೆರೆಯವರಿಗೆ ಹೇಳಿಕೊಂಡು ತಿರುಗಿದ್ದೆ.

ಒಂದು ಸಂಜೆ ಇಸ್ತ್ರಿ ಮಾಡಿದ ಅಂಗಿಗಳನ್ನು ಮಾವನಿಗೆ ಕೊಡಲು ಹೋದವಳು ಅಲ್ಲೇ ನಿಂತುಬಿಟ್ಟಳು. ದಾರದ ಉಂಡೆ ಹುಡುಕುತ್ತಾ ನಾನೂ ಬಾಗಿಲಲ್ಲಿದ್ದೆ. ಮೇಜಿನ ಮೇಲೆ ಸ್ಪಂಜಿನ ಹಾಸಿಗೆಯಲ್ಲಿ ವಿಮಾನ ಅಂಗಾತ ಮಲಗಿತ್ತು, ಹೊಟ್ಟೆಗೆ ಆಗಷ್ಟೇ ಹೊಡೆದ ಬೂದು ಬಣ್ಣ.

“ಹೊಟ್ಟೆ ಹಾಗಿರ್ಲಿಲ್ಲ ಮಾವ” ಅಂದಳು.

ಇವರು ಮುಖಕ್ಕೆ ಹಾಕಿದ್ದ ಮಾಸ್ಕ್ ಕೆಳಗಿಳಿಸಿದರು. “ಏನಂದೆ?”

“ಬೂದು ಅಲ್ಲ. ತಿಳಿ ನೀಲಿ. ಅದೂ ಎಲ್ಲಾ ಕಡೆ ಒಂದೇ ಥರ ಅಲ್ಲ.”

ನಿನಗೆ ಹೇಗೆ ಗೊತ್ತು ಎಂದು ಇವರು ಕೇಳಲಿಲ್ಲ. ಸ್ಟೂಲಿನ ಮೇಲಿದ್ದ ಡಬ್ಬಿಗಳನ್ನು ಸರಸರ ಕೆಳಗಿಟ್ಟು, ಅಂಗೈಯಿಂದ ಧೂಳು ಒರೆಸಿ, “ಕೂತ್ಕೋ ಬಾ” ಅಂದರು.

ಅಂದಿನಿಂದ ಶುರುವಾಯಿತು. ಅವಳು ಕೆಲಸದಿಂದ ಬಂದು ಕೈಕಾಲು ತೊಳೆಯುವುದೇ ತಡ, ಇವರು ಕಾದು ಕೂತಿರುತ್ತಿದ್ದರು. ಬಿಳಿ ಪ್ಲಾಸ್ಟಿಕ್ ಚಮಚಗಳ ಬೆನ್ನಿಗೆ ಬಗೆಬಗೆಯ ನೀಲಿ ಹೊಡೆದು ಒಣಗಿಸಿ ಸಾಲಾಗಿ ಜೋಡಿಸಿಡುವುದು, ಅವಳು ಒಂದೊಂದೇ ಎತ್ತಿ ನೋಡುವುದು. ಎಲ್ಲರ ಹಾಗೆ ಕೈಯಲ್ಲಿ ಹಿಡಿದಲ್ಲ. ಕಿಟಕಿಯ ಬಳಿ ನಿಂತು, ಚಮಚವನ್ನು ತಲೆಯ ಮೇಲಕ್ಕೆತ್ತಿ, ಕತ್ತು ಹಿಂದೆ ಹಾಕಿ ನೋಡುತ್ತಿದ್ದಳು. “ಇನ್ನೂ ಸ್ವಲ್ಪ ಬಿಳಿಚಿಕೊಂಡಿತ್ತು” ಅನ್ನುತ್ತಿದ್ದಳು. ಇವರು ಇನ್ನೊಂದು ತೆಳು ಪದರ ಹೊಡೆಯುತ್ತಿದ್ದರು.

ಎಡಗಡೆ ಇಂಜಿನ್ನಿನಿಂದ ಎಣ್ಣೆ ಸೋರಿ ಬಾಲದವರೆಗೂ ಕಪ್ಪು ಪಟ್ಟೆ ಹರಿದಿತ್ತಂತೆ, ನೇರವಾಗಿ ಅಲ್ಲ, ತುಸು ಓರೆಯಾಗಿ. ಬಲ ರೆಕ್ಕೆಯ ಕೆಳಗೆ ಚೌಕಾಕಾರದ ತೇಪೆ, ಅಲ್ಲಿ ನೀಲಿ ಹೊಸದು. ಚಕ್ರದ ಮುಚ್ಚಳ ಒಂದು ಬೇರೆ ವಿಮಾನದಿಂದ ತಂದು ಹಾಕಿದ ಹಾಗೆ ಕಂದು. ಇವರು ಚೌಕದ ಸುತ್ತ ಟೇಪು ಅಂಟಿಸಿ ತೇಪೆಯ ಬಣ್ಣ ಹೊಡೆದರು, ಮಸಿಯನ್ನು ಕೂದಲೆಳೆಯಷ್ಟು ಸಣ್ಣಗೆ ಎಳೆದರು, ತಪ್ಪಾಯಿತೆಂದರೆ ಒರೆಸಿ ಮತ್ತೆ ಎಳೆದರು. ಒಂದು ತಿಂಗಳಿಗೆ ಮೊದಲು ಆ ಹುಡುಗಿಯ ಬಾಯಿಂದ ಹೂಂ, ಉಹೂಂ ಬಿಟ್ಟರೆ ಏನೂ ಹೊರಡುತ್ತಿರಲಿಲ್ಲ. ಈಗ ಮಾವ ಸೊಸೆ ಮಾತಾಡುವುದು ನನ್ನ ಯಂತ್ರದ ಸದ್ದಿನ ಮೇಲೂ ಕೇಳುತ್ತಿತ್ತು. ನನಗೋ ಖುಷಿ. ಇವರ ಹುಚ್ಚಿನಿಂದ ಮನೆಗೆ ಒಂದಾದರೂ ಉಪಕಾರವಾಯಿತಲ್ಲ ಎಂದು ಮಗನ ಹತ್ತಿರ ಹೇಳಿ ನಕ್ಕಿದ್ದೆ. ನನ್ನ ಬುದ್ಧಿಗಿಷ್ಟು.

ಮೊದಲು ಕಣ್ಣಿಗೆ ಬಿದ್ದದ್ದು ಬಟ್ಟೆ. ತಾರಸಿಯ ಮೇಲೆ ಒಣಹಾಕಬೇಕಾದ ಒದ್ದೆ ಬಟ್ಟೆಗಳು ಕುರ್ಚಿ, ಬಾಗಿಲು, ಮಂಚದ ಕಟ್ಟಿನ ಮೇಲೆ ನೇತಾಡತೊಡಗಿದವು. ಮೇಲೆ ಬಿಸಿಲಿಲ್ಲ ಅತ್ತೆ ಅಂದಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಆಮೇಲೆ ಒಟ್ಟಿಗೆ ಪೇಟೆಗೆ ಹೋದಾಗ ನೋಡಿದೆ, ಅಂಗಡಿಗಳ ಸೂರಿನಡಿಯೇ ನಡೆಯುತ್ತಾಳೆ, ಸೂರು ಮುಗಿದ ಕಡೆ ನಿಂತುಬಿಡುತ್ತಾಳೆ. ಒಂದು ದಿನ ಕನ್ನಡಕದ ಅಂಗಡಿಯ ಯಜಮಾನಿ ಫೋನ್ ಮಾಡಿದರು. ಬೀದಿಯಲ್ಲಿ ಯಾವುದೋ ಲಾರಿಯ ಹಿಂಬಾಗಿಲು ಧಡಾರೆಂದು ಬಿದ್ದದ್ದಕ್ಕೆ ನಿಮ್ಮ ಸೊಸೆ ಮೇಜಿನ ಕೆಳಗೆ ಕೂತವಳು ಏಳಲೊಲ್ಲಳು ಎಂದು. ಮನೆಯಲ್ಲಿ ಬಚ್ಚಲುಮನೆಯೊಂದಕ್ಕೇ ಕಿಟಕಿಯಿಲ್ಲ. ಅಲ್ಲಿ ಮಣೆ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದಳು. ಮಗ ಕೇಳಿದರೆ ಹೊಟ್ಟೆನೋವು. ಅವನು ಪೆದ್ದ, ಮಾತ್ರೆ ತಂದುಕೊಟ್ಟ.

ಬಟ್ಟೆ ಮಡಚುವಾಗ ಹತ್ತಿರ ಕೂರಿಸಿಕೊಂಡು ಕೇಳಿದೆ.

“ಯಾಕಮ್ಮ ಆ ಕೋಣೆಗೆ ಹೋಗ್ತೀಯ? ಅವರು ಕರೆದ್ರೆ ಆಗಲ್ಲ ಅಂದ್ಬಿಡು. ನಾನಿದ್ದೀನಿ.”

“ಅವರು ಕೇಳ್ತಾರಲ್ಲ ಅತ್ತೆ. ಇಷ್ಟು ವರ್ಷ ಯಾರೂ ಏನೂ ಕೇಳ್ಲಿಲ್ಲ. ಅಮ್ಮ ಅಂತೂ ಮರೆತುಬಿಡು ಅಂತಾಳೆ, ಅಷ್ಟೇ.”

“ಮತ್ತೆ ಹೀಗ್ಯಾಕೆ ಇಳಿದುಹೋಗಿದ್ದೀಯ? ಕನ್ನಡಿ ನೋಡ್ಕೊಂಡಿದ್ದೀಯಾ?”

“ಅದು ಪೂರ್ತಿ ಆಗ್ಲಿ ಅತ್ತೆ. ಪೂರ್ತಿ ಆದ್ರೆ ಇಷ್ಟೇ ಇರುತ್ತೆ” ಎಂದು ಎರಡು ಕೈ ಅಗಲಿಸಿ ಮೊಣಕೈಯಷ್ಟು ಉದ್ದ ತೋರಿಸಿದಳು. “ಈಗ ತುಂಬಾ ದೊಡ್ಡದಿದೆ.”

ಆ ಪ್ಲಾಸ್ಟಿಕ್ ತುಂಡು ಮುಗಿದರೆ ಈ ಹುಡುಗಿ ಉಳಿದುಕೊಂಡಾಳು ಎಂದು ಒಂದು ಮನಸ್ಸು, ಮುಗಿಯುವಷ್ಟರಲ್ಲಿ ಇವಳೇ ಮುಗಿದುಹೋದರೆ ಎಂದು ಇನ್ನೊಂದು. ಬೇಗ ಮುಗಿಸಿ ಎಂದು ಇವರ ಬೆನ್ನುಬಿದ್ದೆ. ಇವರಿಗೆ ನನ್ನ ಆತುರ ಕಂಡು ಆಶ್ಚರ್ಯ, ಜೊತೆಗೆ ಹೆಮ್ಮೆ. ಕೊನೆಗೂ ಹೆಂಡತಿಗೆ ವಿಮಾನದ ರುಚಿ ಹತ್ತಿತು ಅಂದುಕೊಂಡರೋ ಏನೋ.

ರಜೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಇವರು ಅವಳನ್ನು ಕರೆದರು. “ಇನ್ನು ಒಂದೇ ಒಂದು ಉಳಿದಿದೆ. ಬಾಂಬ್ ಇಡೋ ಗೂಡಿನ ಬಾಗಿಲು. ಮುಚ್ಚಿದ ಹಾಗೆ ಅಂಟಿಸ್ಲಾ, ತೆರೆದ ಹಾಗಾ? ತೆರೆದಿದ್ರೆ ಒಳಗೆ ಮೊದಲೇ ಬಣ್ಣ ಹೊಡೀಬೇಕು, ಆಮೇಲೆ ಬ್ರಷ್ ತೂರಲ್ಲ.” ಸಕ್ಕರೆ ಹಾಕಲೋ ಬೇಡವೋ ಎಂದು ಕೇಳುವ ದನಿ.

“ತೆರೆದಿತ್ತು.”

“ಎರಡೂ ಬಾಗಿಲು?”

“ಎರಡೂ.”

“ಒಳಗೆ ಬಣ್ಣ ಕಾಣ್ತಿತ್ತಾ?”

“ಹಸಿರು. ಹಳದಿ ಬೆರೆಸಿದ ಹಸಿರು. ಅಡ್ಡಪಟ್ಟಿಗಳು ಕಾಣ್ತಿದ್ವು. ಒಳಗೆ ಏನೂ ಇರ್ಲಿಲ್ಲ.”

ಮುಂದಿನ ಕೋಣೆಯಲ್ಲಿ, ತೆರೆದ ಬಾಗಿಲಿನೆದುರು ಹೊಲಿಯುತ್ತಿದ್ದ ನನ್ನ ಕಾಲು ಪೆಡಲಿನ ಮೇಲೆ ನಿಂತಿತು. ಒಳಗೆ ಏನೂ ಇರಲಿಲ್ಲ ಎಂದರೆ ಇದ್ದದ್ದು ಆಗಲೇ ಕೆಳಗೆ ಬಿದ್ದಿತ್ತು. ಅಷ್ಟು ಕೆಳಗೆ ಹಾರುತ್ತಿತ್ತು, ಇವಳು ಅದರಡಿಯಲ್ಲೇ ನಿಂತಿದ್ದಳು.

“ಯಾವ ಥರ ಹಸಿರು?” ಇವರು ಎರಡು ಚಮಚ ಎತ್ತಿ ಹಿಡಿದಿದ್ದರು. “ಇದರ ಥರಾನಾ, ಇದರ ಥರಾನಾ?”

ಅವಳು ಒಂದನ್ನು ತೆಗೆದುಕೊಂಡು, ಅಭ್ಯಾಸದಂತೆ ತಲೆಯ ಮೇಲಕ್ಕೆತ್ತಿದಳು. ಚಮಚ ಕೈಜಾರಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳದೆ ಹೊರಬಂದು, ನನ್ನ ಮುಂದೆಯೇ ಹಾದು, ಬಚ್ಚಲುಮನೆಯ ಚಿಲಕ ಹಾಕಿಕೊಂಡಳು.

ನನಗೆ ಪಿತ್ತ ನೆತ್ತಿಗೇರಿತು. “ನೀವು ಮನುಷ್ಯರೇನ್ರೀ? ಆ ಹುಡುಗಿ ಎದೆ ಬಗೆದು ಬಣ್ಣ ತೆಗೀತಿದ್ದೀರಲ್ಲ! ಜೀವನಪೂರ್ತಿ ಜನರ ಬಾಯೊಳಗೆ ನೋಡಿದ್ರಿ, ಒಂದು ಸಲ ಮುಖ ನೋಡ್ಬಾರ್ದಾ?”

“ಅವಳೇ ಬರ್ತಿದ್ಲು...” ಅಂದರು. ಚಮಚ ನೋಡಿದರು, ಬಚ್ಚಲಿನ ಬಾಗಿಲು ನೋಡಿದರು. ಮುಖ ಕಪ್ಪಿಟ್ಟಿತು. ಪಾಪ, ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈಯುವುದು ಸುಲಭವಿತ್ತು.

ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ಇಬ್ಬರೂ ಸೇರಿ ಕೋಣೆ ಖಾಲಿ ಮಾಡಿದೆವು. ಮುಗಿಯಲು ಕೂದಲೆಳೆ ಬಾಕಿಯಿದ್ದ ಆ ವಿಮಾನವನ್ನು ಹಳೆಯ ಚಾದರದಲ್ಲಿ ಸುತ್ತಿ ಬೀರುವಿನ ತಲೆಯ ಮೇಲೆ ಹಾಕಿದೆ. ಚಮಚಗಳನ್ನು ಕಸಕ್ಕೆ. ಕಂಪ್ರೆಸರನ್ನು ಮಂಚದಡಿಗೆ. ಕಪಾಟಿನಲ್ಲಿದ್ದವನ್ನೂ ಇವರೇ ಒಂದೊಂದಾಗಿ ಪೆಟ್ಟಿಗೆಗೆ ಸೇರಿಸಿದರು, ಸ್ಪರ್ಧೆಯ ಮಾತೆತ್ತಲಿಲ್ಲ. ಮೇಜನ್ನು ಸೋಪು ಹಾಕಿ ಉಜ್ಜಿ, ಮೇಲೊಂದು ಹೂವಿನ ಕುಂಡ ಇಟ್ಟೆ. ಮಹಾ ಸಾಧನೆ ಮಾಡಿದವಳ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದೆ.

ಸಂಜೆ ಅವಳು ಬಂದಳು. ಚೀಲವನ್ನೂ ಇಳಿಸದೆ ಹಿಂದಿನ ಕೋಣೆಗೆ ಹೋದಳು.

“ಎಲ್ಲಿ ಅದು?” ಆ ದನಿ ಅವಳಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ.

“ಅದರ ಸಹವಾಸ ಸಾಕು ಬಿಡಮ್ಮ. ಎಲ್ಲಾ ಎತ್ತಿಟ್ಟಿದ್ದೀವಿ. ಮರೆತುಬಿಡು” ಅಂದೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಬಾಯಿಂದ ಬಿದ್ದಾಗಿತ್ತು.

“ಅಮ್ಮನೂ ಹೀಗೇ ಮಾಡಿದ್ಳು” ಅಂದಳು. “ಅವನ ಬಟ್ಟೆ, ಚಪ್ಪಲಿ, ಹಾಸಿಗೆ. ನಾನು ಎದ್ದು ನೋಡೋ ಹೊತ್ತಿಗೆ ಮನೇಲಿ ಅಂಥವನೊಬ್ಬ ಇರ್ಲೇ ಇಲ್ಲ ಅನ್ನೋ ಥರ ಗುಡಿಸಿಟ್ಟಿದ್ಳು.” ಮಾವನ ಕಡೆ ತಿರುಗಿದಳು. “ನೀವು ಎಣ್ಣೆ ಕಲೆ ಕೇಳಿದ್ರಿ, ಹೇಳ್ದೆ. ತೇಪೆ ಕೇಳಿದ್ರಿ, ಹೇಳ್ದೆ. ಬಾಗಿಲು ಕೇಳಿದ್ರಿ, ಅದನ್ನೂ ಹೇಳ್ದೆ. ಇನ್ನೇನು ನನ್ನ ತಮ್ಮನ ಬಗ್ಗೆ ಕೇಳ್ತೀರಿ, ಈಗ ಕೇಳ್ತೀರಿ ಅಂತ ದಿನಾ ಬಂದು ಕೂತ್ಕೋತಿದ್ದೆ. ಒಂದು ಮಾತು ಕೇಳಿದ್ರಾ? ಈ ಮನೇಲಿ ಯಾರಾದ್ರೂ ಕೇಳಿದ್ರಾ?”

ಆಗಷ್ಟೇ ಒಳಬಂದ ಮಗ ಉಪಕರಣಗಳ ಚೀಲ ಹಿಡಿದು ಹೊಸ್ತಿಲಲ್ಲೇ ನಿಂತಿದ್ದ. ಏನೂ ಕೇಳಬೇಡಿ ಎಂದವನು ಅವನೇ. ಅವಳು ಅವನನ್ನೂ ಒಮ್ಮೆ ನೋಡಿ, “ನಾಳೆ ನಾನು ಅಮ್ಮನ ಹತ್ರ ಹೋಗ್ತೀನಿ. ಅಲ್ಲಾದ್ರೆ ಯಾರೂ ಕೇಳಲ್ಲ ಅಂತ ಮೊದಲೇ ಗೊತ್ತಿರುತ್ತೆ” ಅಂದು ಬಚ್ಚಲುಮನೆ ಸೇರಿದಳು. ಚಿಲಕ ಬಿತ್ತು.

ಮಗ ಬಾಗಿಲು ತಟ್ಟಿದ, ಕರೆದ, ಅತ್ತ. ಅವಳು ಚಿಲಕ ತೆಗೆಯಲಿಲ್ಲ. ನಾನು ಬಾಗಿಲ ಮುಂದೆ ನೆಲದ ಮೇಲೆ ಕೂತೆ. ಕೇಳಬೇಕು, ಆದರೆ ಏನೆಂದು ಕೇಳುವುದು? ಊರಿಗೆಲ್ಲ ಬಾಯಿ ಜೋರು ಅನ್ನಿಸಿಕೊಂಡವಳಿಗೆ ಒಂದು ಪ್ರಶ್ನೆ ಹುಟ್ಟಲಿಲ್ಲ. ಅಷ್ಟರಲ್ಲಿ ಇವರು ಬಂದರು. ಮಂಡಿನೋವಿನಿಂದ ನೆಲಕ್ಕೆ ಕೂತು ಎಷ್ಟೋ ಕಾಲವಾಗಿತ್ತು. ಗೋಡೆ ಹಿಡಿದು, ನರಳಿಕೊಂಡು ನನ್ನ ಪಕ್ಕ ಕೂತರು. ಗಂಟಲು ಸರಿಮಾಡಿಕೊಂಡು ಬಾಗಿಲಿಗೆ ಕೇಳಿದರು.

“ನಿನ್ನ ತಮ್ಮನಿಗೆ ಮುಂದಿನ ಹಲ್ಲು ಬಿದ್ದಿತ್ತಾ?”

ಇವರ ತಲೆಗೆ ಒಂದು ಮೊಟಕೋಣ ಅನ್ನಿಸಿತು ನನಗೆ. ಇಂಥ ಹೊತ್ತಿನಲ್ಲೂ ಹಲ್ಲು! ಆದರೆ ಒಳಗೆ ಮಣೆ ಸರಿದ ಸದ್ದು.

“ಮೇಲಿನ ಎರಡು” ಅಂದಳು. “ಒಂದು ತಾನಾಗೇ ಬಿತ್ತು. ಇನ್ನೊಂದು ಬಾಗಿಲಿಗೆ ದಾರ ಕಟ್ಟಿ ನಾನೇ ಕಿತ್ತೆ.”

“ಅಳ್ಲಿಲ್ವಾ?”

“ಇಲ್ಲ. ಆ ಸಂದಿನಿಂದ ನೀರು ಚಿಮ್ಮಿಸೋದು ಕಲಿತ. ಎಲ್ಲರ ಮೇಲೂ ಉಗುಳ್ತಿದ್ದ.”

ಚಿಲಕ ಸರಿಯಿತು. ಬಾಗಿಲು ಗೇಣಷ್ಟು ತೆರೆದು, ಅವಳು ಒಳಗೆ, ನಾವು ಹೊರಗೆ. ಮಗ ಹೆದರುತ್ತಾ ಕೇಳಿದ, ಇವರು ಕೇಳಿದರು. ಆ ತಮ್ಮ ಕತ್ತಲೆಗೆ ಹೆದರುತ್ತಿರಲಿಲ್ಲವಂತೆ, ಗೋಡೆಯ ಮೇಲೆ ಹಲ್ಲಿ ಕಂಡರೆ ಹೆದರುತ್ತಿದ್ದನಂತೆ. ತನ್ನ ತಟ್ಟೆ ಬಿಟ್ಟು ಇವಳ ತಟ್ಟೆಯಿಂದಲೇ ತಿನ್ನುತ್ತಿದ್ದನಂತೆ. ಯಾವಾಗಲೂ ಇವಳ ಬಾಲ. ಹೇಳುತ್ತಾ ಹೇಳುತ್ತಾ ನಕ್ಕಳು, ಅವಳು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಇವರು ಆಗ ಅವಳ ಹಲ್ಲು ನೋಡುತ್ತಿರಲಿಲ್ಲ, ನಾನು ಸಾಕ್ಷಿ. ಹುಡುಗಿ ಇನ್ನು ಎಲ್ಲೂ ಹೋಗುವುದಿಲ್ಲ ಅಂದುಕೊಂಡೆ. ನನಗೂ ಧೈರ್ಯ ಬಂತು. ನನಗೆ ಗೊತ್ತಿರುವುದು ಬಟ್ಟೆಯೊಂದೇ, ಅದನ್ನೇ ಕೇಳಿದೆ.

“ಆವತ್ತು ಯಾವ ಅಂಗಿ ಹಾಕಿದ್ದ?”

ನಗು ನಿಂತಿತು. ಅವಳು ಕಣ್ಣು ಮುಚ್ಚಿದಳು. ಹುಡುಕುತ್ತಿದ್ದಾಳೆ ಎಂದು ಕಾಣುತ್ತಿತ್ತು, ರೆಪ್ಪೆಯ ಕೆಳಗೆ ಕಣ್ಣು ಓಡಾಡುತ್ತಿತ್ತು.

“ತಾರಸಿಗೆ ಬಟ್ಟೆ ತರೋಕೆ ಹೋಗಿದ್ವಿ” ಅಂದಳು, ಕಣ್ಣು ಬಿಡದೆ. “ಅವನ ಕೈ ಹಿಡ್ಕೊಂಡಿದ್ದೆ. ಅಷ್ಟು ಕೆಳಗೆ ಬಂತು ಅತ್ತೆ, ಅಂಥದ್ದು ನಾನು ನೋಡೇ ಇರ್ಲಿಲ್ಲ. ಬಿಸಿಲಿತ್ತು. ಅವನ ಕೈ ಬಿಟ್ಟು ಕಣ್ಣಿಗೆ ಕೈ ಅಡ್ಡ ಹಿಡಿದೆ. ಎಣ್ಣೆ ಕಲೆ, ತೇಪೆ, ಎಲ್ಲಾ ಆಗ್ಲೇ ನೋಡಿದ್ದು. ಅವನು ಅದರ ಹಿಂದೆ ಓಡಿ ಮೆಟ್ಟಿಲಿಳಿದು ಬೀದಿಗೆ ಹೋಗಿದ್ದ. ಸದ್ದಾಯ್ತು. ಅದು ಮತ್ತೆ ತಿರುಗಿ ಬಂದಾಗ ಬಾಗಿಲು ತೆರೆದಿತ್ತು, ಒಳಗೆ ಹಸಿರು. ಆಗ್ಲೂ ನಾನು ಮೇಲೇ ನೋಡ್ತಿದ್ದೆ.”

ಕಣ್ಣು ಬಿಟ್ಟಳು.

“ಅಂಗಿ ಗೊತ್ತಿಲ್ಲ ಅತ್ತೆ. ನಾನು ಅವನನ್ನ ನೋಡ್ಲೇ ಇಲ್ಲ.”

ಅಂದವಳು ನನ್ನ ಮುಖವನ್ನೇ ನೋಡುತ್ತಾ ಕೂತಳು, ಆ ಅಂಗಿಯ ಬಣ್ಣ ಯಾವುದೆಂದು ನನಗೇನಾದರೂ ಗೊತ್ತಿದ್ದೀತು ಎನ್ನುವ ಹಾಗೆ.